ಹಳೇ ಮ್ಯಾಸ್ಸಿಗೆ ಲೋಡರ್: ಎಷ್ಟು ಸಿಸಿ ಪಂಪ್ ಬೇಕು?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು 1984ರ ಮ್ಯಾಸ್ಸಿ ಫರ್ಗುಸನ್ 1035 ಟ್ರ್ಯಾಕ್ಟರ್. ಅಪ್ಪ ಹೊಸದಾಗಿ ಕೊಂಡ ಗಾಡಿ. ಸಿಂಪ್ಸನ್ ಇಂಜಿನ್, ಸಿಂಗಲ್ ಕ್ಲಚ್. ಇವತ್ತಿಗೂ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ತಿಪ್ಪೆ ಗೊಬ್ಬರ ತುಂಬುವುದಕ್ಕೆ ಆಳು ಸಿಗುತ್ತಿಲ್ಲ ಅಂತ ಟ್ರ್ಯಾಕ್ಟರ್ ಮುಂದೆ ಕೂರಿಸಿ ಬಕೆಟ್ಟಿನಲ್ಲಿ ಎತ್ತುವ ಒಂದು ಲೋಡರನ್ನು ಗುಜರಿಯಿಂದ ತಂದಿದ್ದೇನೆ. ಎತ್ತುವ ಸಿಲಿಂಡರ್ ಎರಡು: ಬೋರ್ 63 ಮಿ.ಮೀ., ರಾಡ್ 35, ಸ್ಟ್ರೋಕ್ 500. ಬಕೆಟ್ ಸಿಲಿಂಡರ್ ಎರಡು: ಬೋರ್ 50, ಸ್ಟ್ರೋಕ್ 400. ಪಂಪ್ ಇರಲಿಲ್ಲ. ಬ್ಯಾಕ್‌ಹೋದಿಂದ ಕಳಚಿದ 45 ಸಿಸಿ ಗೇರ್ ಪಂಪ್ ಇದೆ, ಪಂಪ್ ದೊಡ್ಡದಾದಷ್ಟೂ ಜಾಸ್ತಿ ಭಾರ ಎತ್ತುತ್ತದೆ ಅಂತ ಗುಜರಿಯವರು ಹೇಳುತ್ತಾರೆ. ಟ್ರ್ಯಾಕ್ಟರಿನ ಹೈಡ್ರಾಲಿಕ್ಕೇ ಸಾಕು, ಬೇರೆ ಪಂಪ್ ಯಾಕೆ ಅಂತ ನಮ್ಮೂರ ಮಿಸ್ತ್ರಿ ಹೇಳುತ್ತಾರೆ. ಯಾರ ಮಾತು ಕೇಳಲಿ?
- ಓದುಗರು, ಹಾವೇರಿ ಜಿಲ್ಲೆ

ಉತ್ತರ: 45 ಸಿಸಿ ಪಂಪ್ ತರಬೇಡಿ. ಮುಂಗಡ ಕೊಟ್ಟಿದ್ದರೆ ವಾಪಸ್ ಕೇಳಿ. ನಿಮ್ಮ ಲೋಡರಿಗೆ ಬೇಕಾಗಿರುವುದು 19ರಿಂದ 20 ಸಿಸಿ ಗೇರ್ ಪಂಪ್. ಸಿಸಿ ಅಂದರೆ ಪಂಪ್ ಒಂದು ಸುತ್ತಿಗೆ ತಳ್ಳುವ ಆಯಿಲ್. ಅದನ್ನು ಇಂಜಿನ್ ಕ್ರ್ಯಾಂಕಿನಿಂದ ನೇರವಾಗಿ ತಿರುಗಿಸಿ, ಆಯಿಲಿಗೆ ಬೇರೆ ಟ್ಯಾಂಕ್ ಇಡಿ. ಈ ಅಂಕಿ ಎಲ್ಲಿಂದ ಬಂತು ಅಂತ ಕೆಳಗೆ ಹೇಳುತ್ತೇನೆ. ನಾಳೆ ಇನ್ನೊಬ್ಬರು ಇನ್ನೊಂದು ಪಂಪ್ ತೋರಿಸಿದರೆ ನೀವೇ ಲೆಕ್ಕ ಹಾಕಿ ಬೇಕು, ಬೇಡ ಅನ್ನಬೇಕು.

ಗುಜರಿಯವರ ಮಾತು ಅವರೊಬ್ಬರದೇ ಅಲ್ಲ. ಹುಬ್ಬಳ್ಳಿಯ ನನ್ನ ವರ್ಕ್‌ಶಾಪಿಗೆ ಬರುವ ಹತ್ತರಲ್ಲಿ ಒಂಬತ್ತು ಜನ ಹಾಗೇ ಅಂದುಕೊಂಡಿರುತ್ತಾರೆ. ಆದರೆ ಭಾರ ಎತ್ತುವುದು ಪಂಪಿನ ಗಾತ್ರ ಅಲ್ಲ. ಆಯಿಲಿನ ಪ್ರೆಶರ್ ಮತ್ತು ಸಿಲಿಂಡರಿನ ಬೋರ್, ಇವೆರಡು ಸೇರಿ ಭಾರ ಎತ್ತುತ್ತವೆ. ಪಂಪ್ ದೊಡ್ಡದಾದರೆ ನಿಮಿಷಕ್ಕೆ ಬರುವ ಆಯಿಲ್ ಜಾಸ್ತಿಯಾಗುತ್ತದೆ, ಲೋಡರ್ ಬೇಗ ಏಳುತ್ತದೆ. ಅಷ್ಟೇ. ಪ್ರೆಶರ್ ಎಲ್ಲಿಯವರೆಗೆ ಏರಬಹುದು ಅಂತ ತೀರ್ಮಾನ ಮಾಡುವುದು ರಿಲೀಫ್ ವಾಲ್ವ್, ಅಂದರೆ ಪ್ರೆಶರ್ ಮಿತಿ ಮುಟ್ಟಿದರೆ ಆಯಿಲನ್ನು ಟ್ಯಾಂಕಿಗೆ ಬಿಟ್ಟುಬಿಡುವ ವಾಲ್ವ್. ಅದರ ಸ್ಕ್ರೂ ನಿಮ್ಮ ಕೈಯಲ್ಲಿದೆ.

ಈಗ ನಿಮ್ಮ ಸಿಲಿಂಡರ್ ನೋಡೋಣ. 63 ಮಿ.ಮೀ. ಬೋರ್ ಅಂದರೆ ಪಿಸ್ಟನ್ ಮುಖದ ವಿಸ್ತೀರ್ಣ ಸುಮಾರು 31 ಚದರ ಸೆಂಟಿಮೀಟರ್. 140 ಬಾರ್ ಪ್ರೆಶರ್ ಕೊಟ್ಟರೆ ಒಂದೊಂದು ಸಿಲಿಂಡರ್ ಸುಮಾರು 4,450 ಕೆಜಿ ಬಲದಿಂದ ತಳ್ಳುತ್ತದೆ. ಎರಡೂ ಸೇರಿ 8,900. ಅಬ್ಬಾ ಅನ್ನಿಸುತ್ತದೆ, ಅಲ್ವಾ? ಆದರೆ ಸಿಲಿಂಡರ್ ಕೂತಿರುವುದು ತೋಳಿನ ಬುಡದಲ್ಲಿ, ಬಕೆಟ್ ಇರುವುದು ತುದಿಯಲ್ಲಿ. ಒಂದು ಟೇಪ್ ಹಿಡಿದು ಹೋಗಿ. ತೋಳನ್ನು ನೆಲಕ್ಕೆ ಇಳಿಸಿ, ತೋಳಿನ ಪಿನ್ನಿನಿಂದ ಬಕೆಟ್ ನಡುವಿನವರೆಗೆ ಅಳೆಯಿರಿ. ಆಮೇಲೆ ಅದೇ ಪಿನ್ನಿನಿಂದ ಸಿಲಿಂಡರ್ ಗೆರೆಗೆ ಲಂಬವಾಗಿ ಅಳೆಯಿರಿ. ಈ ಅಳತೆಯ ಲೋಡರುಗಳಲ್ಲಿ ಮೊದಲನೆಯದು 200 ಸೆಂಟಿಮೀಟರ್, ಎರಡನೆಯದು 30 ಸೆಂಟಿಮೀಟರ್ ಆಸುಪಾಸು ಇರುತ್ತದೆ. ಅಂದರೆ ಸಿಲಿಂಡರಿನ ಬಲದಲ್ಲಿ ನೂರಕ್ಕೆ 15 ಭಾಗ ಮಾತ್ರ ಬಕೆಟ್ಟಿಗೆ ತಲುಪುತ್ತದೆ. 8,900ರಲ್ಲಿ 1,300 ಕೆಜಿ ಸ್ವಲ್ಪ ಮೇಲೆ. ತೋಳು, ಬಕೆಟ್ಟಿನ ಸ್ವಂತ ತೂಕ ಕಳೆದರೂ ಸುಮಾರು ಒಂದು ಟನ್ ಉಳಿಯುತ್ತದೆ.

ನಿಮ್ಮ ಟ್ರ್ಯಾಕ್ಟರಿನ ತೂಕವೇ ಒಂದೂಮುಕ್ಕಾಲು ಟನ್ ಆಸುಪಾಸು. ಮುಂದಿನ ಚಕ್ರದಿಂದ ಆಚೆ, ಗಾಳಿಯಲ್ಲಿ ಒಂದು ಟನ್ ನೇತು ಹಾಕಿದರೆ ಏನಾಗುತ್ತದೆ ಅಂತ ನೀವೇ ಯೋಚನೆ ಮಾಡಿ. ಹಿಂದಿನ ದೊಡ್ಡ ಚಕ್ರ ನೆಲ ಬಿಡುತ್ತದೆ. ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಹಿಂದಿನ ಚಕ್ರ ಎದ್ದರೆ ಬ್ರೇಕೂ ಹೋಯಿತು.

ಆದ್ದರಿಂದ ನಿಮಗೆ ಬಲದ ಕೊರತೆ ಇಲ್ಲವೇ ಇಲ್ಲ. ಇರುವ ಬಲವನ್ನು ಕಮ್ಮಿ ಮಾಡಬೇಕು. ಈ ಹಳೇ ಗಾಡಿಯ ಮುಂದಿನ ಆಕ್ಸೆಲ್ ನೋಡಿ: ನಡುವೆ ಒಂದು ಪಿನ್, ಎರಡು ಕಡೆ ಬೋಲ್ಟ್ ಹಾಕಿ ಹಿಗ್ಗಿಸುವ ತುಂಡುಗಳು, ತುದಿಯಲ್ಲಿ ಸ್ಪಿಂಡಲ್. ನೇಗಿಲು ಎಳೆಯುವ ಗಾಡಿಗೆ ಅಂತ ಮಾಡಿದ ಆಕ್ಸೆಲ್ ಅದು. ನೇಗಿಲು ಎಳೆಯುವಾಗ ಭಾರ ಹಿಂದಕ್ಕೆ ಹೋಗುತ್ತದೆ, ಮುಂದೆ ಹಗುರ. ಲೋಡರ್ ಹಾಕಿದರೆ ಎಲ್ಲಾ ಉಲ್ಟಾ. ನನ್ನ ಹತ್ತಿರ ಬರುವ ಲೋಡರ್ ಹಾಕಿದ 1035ಗಳಲ್ಲಿ ಪಂಪಿನ ತೊಂದರೆಗಿಂತ ಸ್ಪಿಂಡಲ್ ಬಗ್ಗಿದ, ನಡುವಿನ ಪಿನ್ ಬುಶ್ ಮೊಟ್ಟೆಯಾಕಾರಕ್ಕೆ ಸವೆದ ತೊಂದರೆಯೇ ಜಾಸ್ತಿ. ಒಂದು ಗಾಡಿಯಲ್ಲಂತೂ ಮುಂದಿನ ಎರಡೂ ಟೈರು ಮೇಲ್ಗಡೆ ಒಳಕ್ಕೆ ವಾಲಿದ್ದವು. ಅದಕ್ಕೆ ಲೋಡರ್ ಹಾಕಿದವರು ರಿಲೀಫ್ ವಾಲ್ವಿನ ಸ್ಕ್ರೂವನ್ನು ಕೊನೆತನಕ ಬಿಗಿಮಾಡಿ ಕಳಿಸಿದ್ದರು. ಓನರ್ ಪಾಪ, ಚೆನ್ನಾಗಿ ಎತ್ತುತ್ತದೆ ಅಂತ ಖುಷಿಯಾಗಿದ್ದರು.

ರಿಲೀಫನ್ನು 90 ಬಾರಿಗೆ ಇಡಿ. ಆಗ ಬಕೆಟ್ಟಿನಲ್ಲಿ ಸಿಗುವ ನಿವ್ವಳ ಬಲ 550ರಿಂದ 600 ಕೆಜಿ. ಅಷ್ಟೂ ಹೊರಬೇಡಿ. ದಿನದ ಕೆಲಸಕ್ಕೆ 350ರಿಂದ 400 ಸಾಕು. ಇನ್ನೊಂದು ವಿಷಯ. ಘನ ಮೀಟರಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಮ್ಮಿ ಹಿಡಿಯುವ ಬಕೆಟ್ಟಿನಲ್ಲಿ ಒಣಗಿದ ತಿಪ್ಪೆ ಗೊಬ್ಬರ ತುಂಬಿದರೆ ಸುಮಾರು 200 ಕೆಜಿ ಬರುತ್ತದೆ. ಅದೇ ಬಕೆಟ್ಟಿನಲ್ಲಿ ಮಳೆ ನೆನೆದ ಎರೆಮಣ್ಣು ತುಂಬಿದರೆ 500 ದಾಟುತ್ತದೆ. ನಿಮ್ಮ ಕಡೆ ಎರೆಹೊಲ ಜಾಸ್ತಿ. ಲೋಡರ್ ಬಂತು ಅಂತ ಕೃಷಿಹೊಂಡದ ಹೂಳು ತೆಗೆಯಲು ಇಳಿಸಿದರೆ ಆಕ್ಸೆಲ್ ಅಲ್ಲೇ ಮುರಿಯುತ್ತದೆ. ಗೊಬ್ಬರ, ಮೆಕ್ಕೆಜೋಳದ ರವದಿ, ಮೇವು, ಸಡಿಲ ಮಣ್ಣು, ಇಷ್ಟೇ ಇರಲಿ.

ಇನ್ನು ಪಂಪ್. ಒಂದು ಎತ್ತುವ ಸಿಲಿಂಡರ್ ಪೂರ್ತಿ ಚಾಚಲು 31 ಚದರ ಸೆಂ.ಮೀ. ಗುಣಿಸು 50 ಸೆಂ.ಮೀ., ಅಂದರೆ ಸುಮಾರು 1.55 ಲೀಟರ್ ಆಯಿಲ್ ಬೇಕು. ಎರಡಕ್ಕೆ 3.1 ಲೀಟರ್. ನೆಲದಿಂದ ಮೇಲಿನವರೆಗೆ 7 ಸೆಕೆಂಡಿನಲ್ಲಿ ಎದ್ದರೆ ಕೆಲಸಕ್ಕೆ ಹದವಾಗಿರುತ್ತದೆ. 5 ಸೆಕೆಂಡಿಗಿಂತ ಬೇಗ ಎದ್ದರೆ ಹಗುರ ಗಾಡಿ ಕುಲುಕುತ್ತದೆ. 10 ದಾಟಿದರೆ ಕೂತವರಿಗೆ ಬೇಜಾರು. 3.1 ಲೀಟರ್ 7 ಸೆಕೆಂಡಿಗೆ ಅಂದರೆ ನಿಮಿಷಕ್ಕೆ 26–27 ಲೀಟರ್. ಲೋಡರ್ ಕೆಲಸದಲ್ಲಿ ಇಂಜಿನ್ 1500 ಆರ್‌ಪಿಎಂ ಸುಮಾರಿಗೆ ಓಡುತ್ತದೆ ಅಂತ ಇಟ್ಟುಕೊಳ್ಳಿ. ಗೇರ್ ಪಂಪಿನ ಒಳಗೆ ನೂರಕ್ಕೆ 8 ಭಾಗ ಸೋರಿ ಹೋಗುತ್ತದೆ ಅಂತ ಬಿಡಿ. ಆಗ ಒಂದು ಸುತ್ತಿಗೆ ಬೇಕಾಗುವುದು 19.3 ಸಿಸಿ. ಅಂಗಡಿಯಲ್ಲಿ 19 ಸಿಗಬಹುದು, 20 ಸಿಗಬಹುದು. ಯಾವುದಾದರೂ ನಡೆಯುತ್ತದೆ. ಸ್ಲೋನಲ್ಲಿ ಇಂಜಿನ್ 750 ಸುತ್ತುವಾಗ ಇದೇ ಪಂಪ್ 14 ಲೀಟರ್ ಕೊಡುತ್ತದೆ. ಬಕೆಟ್ಟನ್ನು ಟ್ರಾಲಿ ಅಂಚಿಗೆ ನಿಧಾನವಾಗಿ ತರುವಾಗ ಈ ನಿಧಾನವೇ ಬೇಕು.

ಇಂಜಿನ್ ಮೇಲೆ ಬೀಳುವ ಹೊರೆಯನ್ನೂ ನೋಡಿಬಿಡಿ. ನಿಮಿಷಕ್ಕೆ ಬರುವ ಲೀಟರನ್ನು ಬಾರಿನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. ಪಂಪಿನೊಳಗೆ ಹೋಗುವ ನಷ್ಟ ಸೇರಿಸಿದರೆ 20 ಸಿಸಿ ಪಂಪ್ 90 ಬಾರಿನಲ್ಲಿ ತಿನ್ನುವುದು ಆರೂವರೆ ಎಚ್‌ಪಿ. 36 ಎಚ್‌ಪಿ ಇಂಜಿನ್ನಿಗೆ ಅದು ಲೆಕ್ಕವೇ ಅಲ್ಲ. ನಿಮಗೆ ತೋರಿಸಿದ 45 ಸಿಸಿ ಪಂಪ್ 1500 ಸುತ್ತಿಗೆ 62 ಲೀಟರ್ ತಳ್ಳುತ್ತದೆ. ಲೋಡರ್ 3 ಸೆಕೆಂಡಿಗೆ ಮೇಲೆ ಹಾರುತ್ತದೆ. ಯಾರಾದರೂ ಪ್ರೆಶರ್ 140ಕ್ಕೆ ಏರಿಸಿಬಿಟ್ಟರೆ ಆ ಪಂಪ್ ಒಂದೇ 23 ಎಚ್‌ಪಿ ಕೇಳುತ್ತದೆ. 1500ರಲ್ಲಿ ನಿಮ್ಮ ಇಂಜಿನ್ ಕೊಡುವುದೇ ಹೆಚ್ಚುಕಮ್ಮಿ ಅಷ್ಟು. ಗುಡ್ಡೆಗೆ ಬಕೆಟ್ ನುಗ್ಗಿಸಿ ಎತ್ತಿದ ಕೂಡಲೇ ಕಪ್ಪು ಹೊಗೆ ಬಿಟ್ಟು ಇಂಜಿನ್ ಕುಸಿಯುತ್ತದೆ. ಅಷ್ಟು ಆಯಿಲನ್ನು ಸಣ್ಣ ವಾಲ್ವಿನಲ್ಲಿ ನುಗ್ಗಿಸಿದರೆ ಕೆಲಸ ಇಲ್ಲದಾಗಲೂ ಆಯಿಲ್ ಕಾಯುತ್ತದೆ.

ನಿಮ್ಮೂರ ಮಿಸ್ತ್ರಿಯವರ ಮಾತಿಗೆ ಬರುತ್ತೇನೆ. ಅವರದು ಪೂರ್ತಿ ತಪ್ಪಲ್ಲ. ಈ ಗಾಡಿಯ ಒಳಗೊಂದು ಒಳ್ಳೇ ಪಂಪ್ ಇದೆ. ಹ್ಯಾರಿ ಫರ್ಗುಸನ್ ಕಾಲದ್ದು. 1946ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾಗತೊಡಗಿದ ಟಿಇ20 ಟ್ರ್ಯಾಕ್ಟರಿನಿಂದ ಬಂದ ವಂಶ ಅದು: ನಾಲ್ಕು ಪಿಸ್ಟನ್ನಿನ ಪಂಪ್, ಗೇರ್ ಆಯಿಲಿನಲ್ಲೇ ಮುಳುಗಿ ಕೂತಿರುತ್ತದೆ, ಪಿಟಿಒ ಶಾಫ್ಟ್ (ಗಾಡಿಯ ಹಿಂದೆ ಬೇರೆ ಯಂತ್ರ ತಿರುಗಿಸಲು ಇರುವ ಶಾಫ್ಟ್) ಅದನ್ನು ತಿರುಗಿಸುತ್ತದೆ. ಆಯಿಲ್ ಒಳಗೆ ಬರುವ ಬಾಗಿಲಲ್ಲೇ ಅದರ ಕಂಟ್ರೋಲ್. ನೇಗಿಲು ಆಳಕ್ಕೆ ಇಳಿದರೆ ಸ್ವಲ್ಪ ಎತ್ತು, ಮೇಲೆ ಬಂದರೆ ಸ್ವಲ್ಪ ಬಿಡು, ಈ ನಾಜೂಕಿನ ಕೆಲಸಕ್ಕೆ ಹುಟ್ಟಿದ ಪಂಪ್. ಆ ಕೆಲಸದಲ್ಲಿ ಅದನ್ನು ಮೀರಿಸಿದ್ದು ನಾನು ನೋಡಿಲ್ಲ. ಆದರೆ ಅದು ನಿಮಿಷಕ್ಕೆ ಕೊಡುವುದು ಹತ್ತು–ಹದಿನೈದು ಲೀಟರ್. ಎತ್ತಲು ಹದಿನೈದು ಸೆಕೆಂಡಿನ ಹತ್ತಿರ ಬೇಕು, ಬಕೆಟ್ ತಿರುಗಿಸಲು ಇನ್ನಷ್ಟು.

ಅದಕ್ಕಿಂತ ದೊಡ್ಡ ತೊಂದರೆ ನಿಮ್ಮ ಸಿಂಗಲ್ ಕ್ಲಚ್. ಕ್ಲಚ್ ಒತ್ತಿದರೆ ಪಿಟಿಒ ನಿಲ್ಲುತ್ತದೆ, ಪಿಟಿಒ ನಿಂತರೆ ಪಂಪ್ ನಿಲ್ಲುತ್ತದೆ. ಲೋಡರ್ ಕೆಲಸ ಅಂದರೆ ಕ್ಷಣಕ್ಕೊಂದು ಸಲ ಕ್ಲಚ್. ಗುಡ್ಡೆಯಿಂದ ಹಿಂದಕ್ಕೆ ತೆಗೆದುಕೊಂಡು ಟ್ರಾಲಿ ಪಕ್ಕಕ್ಕೆ ನಿಲ್ಲಿಸುವ ಹೊತ್ತಿಗೆ ಬಕೆಟ್ ಏಳಬೇಕು. ಆಗಲೇ ಪಂಪ್ ನಿಂತಿರುತ್ತದೆ. ಗೇರ್ ನ್ಯೂಟ್ರಲ್ ಮಾಡಿ, ಕ್ಲಚ್ ಬಿಟ್ಟು, ಆಮೇಲೆ ಎತ್ತಬೇಕು. ಒಂದು ಟ್ರಾಲಿ ತುಂಬುವಷ್ಟರಲ್ಲಿ ಕಾಲು ಸೋಲುತ್ತದೆ. ಹಾಗಂತ ಕ್ಲಚ್ ಅರ್ಧ ಒತ್ತಿಕೊಂಡು ಕೆಲಸ ಮಾಡತೊಡಗಿದರೆ ಕ್ಲಚ್ ಪ್ಲೇಟ್ ಸುಡುತ್ತದೆ. ಇನ್ನೊಂದು, ಆ ಆಯಿಲಿನಲ್ಲಿ ನಲವತ್ತು ವರ್ಷದ ಗೇರಿನ ಕಬ್ಬಿಣದ ಪುಡಿ ಇದೆ. ಅದನ್ನು ಹೊಸ ಸಿಲಿಂಡರ್ ಸೀಲಿಗೆ ಕಳಿಸುವುದು ನನಗಂತೂ ಒಪ್ಪಿಗೆ ಇಲ್ಲ. ಅದು ನೇಗಿಲಿಗೆ, ಟಿಪ್ಪಿಂಗ್ ಟ್ರಾಲಿಗೆ ಇರಲಿ.

ಕ್ರ್ಯಾಂಕಿನಿಂದ ತಿರುಗಿಸುವುದು ಹೇಗೆ? ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ಒಂದು ಫ್ಲ್ಯಾಂಜ್ ಟರ್ನಿಂಗ್ ಮಾಡಿಸಿ, ಅಲ್ಲಿಂದ ಒಂದು ಚಿಕ್ಕ ಶಾಫ್ಟ್, ಅದರ ತುದಿಗೆ ಲವ್‌ಜಾಯ್ ಕಪ್ಲಿಂಗ್, ಅದಕ್ಕೆ ಪಂಪ್. ಪಂಪ್ ಕೂರುವ ಬ್ರಾಕೆಟ್ ಮುಂದಿನ ಎರಕದ ಸಪೋರ್ಟಿಗೆ ಬೋಲ್ಟ್ ಆಗಬೇಕು, ಲೋಡರ್ ಫ್ರೇಮಿಗೆ ಅಲ್ಲ. ಲೋಡರ್ ಫ್ರೇಮ್ ಭಾರ ಬಿದ್ದಾಗ ಬಾಗುತ್ತದೆ. ಪಂಪೂ ಅದರ ಜೊತೆ ಅಲುಗಿದರೆ ಶಾಫ್ಟ್ ಸೀಲ್ ಹೋಯಿತು. ಶಾಫ್ಟ್ ಹೋಗಲು ರೇಡಿಯೇಟರ್ ಕೆಳಗೆ ಜಾಗ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಆಮೇಲೆ ಲೇತ್‌ನವರ ಹತ್ತಿರ ಹೋಗಿ.

ಇಲ್ಲಿ ಎರಡು ವಿಷಯ ಗಮನ ಇಟ್ಟು ಕೇಳಿ. ಒಂದು, ತಿರುಗುವ ದಿಕ್ಕು. ಗಾಡಿಯ ಮುಂದೆ ನಿಂತು ನೋಡಿದರೆ ನಿಮ್ಮ ಇಂಜಿನ್ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತದೆ. ಆದರೆ ಪಂಪಿನ ದಿಕ್ಕನ್ನು ಹೇಳುವುದು ಪಂಪಿನ ಶಾಫ್ಟ್ ಕಡೆಯಿಂದ ನೋಡಿ. ನಿಮ್ಮ ಪಂಪ್ ಮುಂದೆ ಕೂತು ಶಾಫ್ಟನ್ನು ಇಂಜಿನ್ ಕಡೆಗೆ ಚಾಚಿರುತ್ತದೆ. ಆ ಶಾಫ್ಟ್ ತುದಿಯನ್ನು ನೋಡಬೇಕಾದರೆ ಇಂಜಿನ್ ಜಾಗದಲ್ಲಿ ನಿಂತು ಮುಂದಕ್ಕೆ ನೋಡಬೇಕು. ಅಲ್ಲಿಂದ ಅದೇ ತಿರುಗುವಿಕೆ ಎಡಕ್ಕೆ ಕಾಣುತ್ತದೆ. ಹಾಗಾಗಿ ನೀವು ಕೇಳಬೇಕಾದದ್ದು ಎಡಕ್ಕೆ ತಿರುಗುವ ಪಂಪ್. ಬಲದ ಪಂಪ್ ತಂದು ಕೂರಿಸಿ ಸ್ಟಾರ್ಟ್ ಮಾಡಿದರೆ ಆಯಿಲನ್ನು ಸಕ್ಷನ್ ಕಡೆಗೇ, ಅಂದರೆ ಆಯಿಲ್ ಒಳಗೆ ಎಳೆಯುವ ಕಡೆಗೇ ತಳ್ಳಿ ಶಾಫ್ಟ್ ಸೀಲನ್ನು ಹೊರಗೆ ಉಗುಳುತ್ತದೆ. ಪಂಪಿನ ದೊಡ್ಡ ತೂತು ಸಕ್ಷನ್, ಚಿಕ್ಕದು ಪ್ರೆಶರ್. ಬಾಡಿ ಮೇಲೆ ಬಾಣದ ಗುರುತು ಇದ್ದರೆ ಅದನ್ನೂ ನೋಡಿ.

ಎರಡು, ಕಪ್ಲಿಂಗಿನ ನಡುವಿನ ಸಂದು. ಕ್ಲಚ್ ಪೆಡಲ್ ಒತ್ತಿದಾಗ ಕ್ರ್ಯಾಂಕ್ ಕೂದಲೆಳೆಯಷ್ಟು ಮುಂದಕ್ಕೆ ಸರಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಸರಿಯುತ್ತದೆ. ಕಪ್ಲಿಂಗಿನ ಎರಡು ತುಂಡುಗಳನ್ನು ಒಂದಕ್ಕೊಂದು ಒತ್ತಿ ಬಿಗಿ ಮಾಡಿಟ್ಟರೆ ಆ ಒತ್ತಡ ಸೀದಾ ಪಂಪಿನ ಶಾಫ್ಟಿಗೆ ಬೀಳುತ್ತದೆ, ಒಳಗಿನ ಪ್ಲೇಟ್ ಕೆರೆದು ಹೋಗುತ್ತದೆ. ನಡುವಿನ ರಬ್ಬರ್ ಸ್ಪೈಡರ್ ಕೂತ ಮೇಲೂ 2–3 ಮಿ.ಮೀ. ಸಂದು ಬಿಡಿ. ಡಯಲ್ ಗೇಜ್ ಇಟ್ಟು ನಿಧಾನವಾಗಿ ಕೈಯಿಂದ ತಿರುಗಿಸಿ ನೋಡಿ. ಮುಳ್ಳು 0.2 ಮಿ.ಮೀ. ಒಳಗೇ ಆಡಬೇಕು. ಸುಮ್ನೆ ಕಣ್ಣಳತೆಯಲ್ಲಿ ಬೇಡ.

ಕೆಲವರು ಫ್ಯಾನ್ ಬೆಲ್ಟಿನ ಪಕ್ಕ ಇನ್ನೊಂದು ಬೆಲ್ಟ್ ಹಾಕಿ ಪಂಪ್ ತಿರುಗಿಸುತ್ತಾರೆ. ಒಂದು ಬೆಲ್ಟಿಗೆ ಇಷ್ಟು ಹೊರೆ ಆಗುವುದಿಲ್ಲ. ಭಾರ ಬಂದ ಕೂಡಲೇ ಕಿರುಚಿ ಜಾರುತ್ತದೆ. ಬಿಗಿ ಮಾಡಿದರೆ ಆ ಎಳೆತ ಪಂಪಿನ ಬುಶ್ ತಿನ್ನುತ್ತದೆ. ಗೇರ್ ಪಂಪ್ ಪಕ್ಕದ ಎಳೆತ ತಡೆಯುವುದಿಲ್ಲ.

ಪೈಪು, ಟ್ಯಾಂಕು. ಸಕ್ಷನ್ ಪೈಪ್ ಒಂದು ಇಂಚು, ಅದಕ್ಕಿಂತ ಸಣ್ಣದು ಬೇಡ. ಪ್ರೆಶರ್ ಲೈನ್ ಅರ್ಧ ಇಂಚು, ಎರಡು ವೈರಿನ ಹೋಸ್. ರಿಟರ್ನ್ ಮುಕ್ಕಾಲು ಇಂಚು. ಜನ ಪ್ರೆಶರ್ ಹೋಸಿಗೆ ದುಡ್ಡು ಸುರಿಯುತ್ತಾರೆ, ಸಕ್ಷನ್ನಿಗೆ ಮನೆಯಲ್ಲಿದ್ದ ನೀರಿನ ಪೈಪ್ ಹಾಕುತ್ತಾರೆ. ಅದು ಆಯಿಲ್ ಬಿಸಿಗೆ ಮೆತ್ತಗಾಗಿ ಒಳಕ್ಕೆ ಅಂಟಿಕೊಳ್ಳುತ್ತದೆ. ಆಗ ಪಂಪಿಗೆ ಆಯಿಲ್ ಸಿಗದೆ ಒಳಗೆ ಜಲ್ಲಿಕಲ್ಲು ಉರುಳಿದಂತೆ ಸದ್ದು ಬರುತ್ತದೆ. ಆ ಸದ್ದು ಕೇಳಿಸಿದರೆ ಇಂಜಿನ್ ನಿಲ್ಲಿಸಿ, ಸಕ್ಷನ್ ನೋಡಿ. ಹಾಗೇ ಓಡಿಸಿದರೆ ಹೊಸ ಪಂಪೂ ಕೆಲವೇ ದಿನದಲ್ಲಿ ಕೆಟ್ಟುಹೋಗುತ್ತದೆ. ಸದ್ದಿನ ಜೊತೆ ಆಯಿಲ್ ಹಾಲಿನಂತೆ ನೊರೆ ಬರುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಸಕ್ಷನ್ ಕ್ಲಿಪ್ಪುಗಳನ್ನು ಬಿಗಿ ಮಾಡಿ.

ಟ್ಯಾಂಕ್ 35ರಿಂದ 40 ಲೀಟರ್ ಇರಲಿ, ಪಂಪಿಗಿಂತ ಎತ್ತರದಲ್ಲಿರಲಿ. ಸಕ್ಷನ್ ಬಾಯಿ ತಳದಿಂದ ಒಂದೆರಡು ಇಂಚು ಮೇಲೆ. ರಿಟರ್ನ್ ಪೈಪ್ ಆಯಿಲಿನಲ್ಲಿ ಮುಳುಗಿರಬೇಕು, ಮೇಲಿಂದ ಸುರಿಯಬಾರದು. ನಡುವೆ ಒಂದು ಅಡ್ಡ ತಗಡು ಬೆಸುಗೆ ಹಾಕಿಸಿ. ರಿಟರ್ನಿನಲ್ಲಿ ಒಂದು ಫಿಲ್ಟರ್ ಕೂರಿಸಿ. ಆಯಿಲ್ 68 ನಂಬರ್ ಹೈಡ್ರಾಲಿಕ್. ಟ್ಯಾಂಕಿನ ಮಟ್ಟ ನೋಡುವಾಗ ತೋಳು ನೆಲದ ಮೇಲಿರಲಿ, ಎತ್ತಿದಾಗ ನೋಡಿ ತುಂಬಿಸಿದರೆ ಇಳಿಸಿದಾಗ ಉಕ್ಕಬಹುದು.

ಕಂಟ್ರೋಲ್ ವಾಲ್ವ್ ಕೊಳ್ಳುವಾಗ ಓಪನ್ ಸೆಂಟರ್ ಅಂತ ಕೇಳಿ ತನ್ನಿ. ಗೇರ್ ಪಂಪ್ ಸುಮ್ನಿರುವುದಿಲ್ಲ. ಇಂಜಿನ್ ತಿರುಗುವಷ್ಟು ಹೊತ್ತೂ ಆಯಿಲ್ ತಳ್ಳುತ್ತಲೇ ಇರುತ್ತದೆ. ಲಿವರ್ ನಡುವೆ ಇದ್ದಾಗ ಆ ಆಯಿಲ್ ಸಲೀಸಾಗಿ ಟ್ಯಾಂಕಿಗೆ ವಾಪಸ್ ಹೋಗಲು ದಾರಿ ಬೇಕು. ಹೊಸ ಕಾಲದ ಯಂತ್ರಗಳಿಂದ ಬಿಚ್ಚಿದ ಕ್ಲೋಸ್ಡ್ ಸೆಂಟರ್ ವಾಲ್ವ್ ಗುಜರಿಯಲ್ಲಿ ಸಿಗುತ್ತದೆ, ನೋಡಲು ಚೆನ್ನಾಗಿರುತ್ತದೆ. ಅದನ್ನು ಹಾಕಿದರೆ ಆಯಿಲೆಲ್ಲ ಇಡೀ ದಿನ ರಿಲೀಫ್ ಮೇಲೆ ಹಾರಿ, ಟ್ಯಾಂಕ್ ಮುಟ್ಟಲಾಗದಷ್ಟು ಸುಡುತ್ತದೆ. ಮತ್ತೆ, ಪಂಪಿಗೂ ರಿಲೀಫಿಗೂ ನಡುವೆ ಯಾವ ಗೇಟ್ ವಾಲ್ವೂ ಹಾಕಿಸಬೇಡಿ. ಯಾರೋ ಮುಚ್ಚಿಟ್ಟು ಮರೆತರೆ ಸ್ಟಾರ್ಟ್ ಮಾಡಿದ ಕ್ಷಣ ಪಂಪ್ ಒಡೆಯುತ್ತದೆ.

ಪ್ರೆಶರ್ ಸೆಟ್ ಮಾಡುವುದು ಗೇಜ್ ಹಾಕಿಯೇ. ರಿಲೀಫ್ ಸ್ಕ್ರೂ ಪೂರ್ತಿ ಸಡಿಲ ಮಾಡಿ ಸ್ಟಾರ್ಟ್ ಮಾಡಿ. ಬಕೆಟ್ಟನ್ನು ಒಂದು ಕೊನೆಗೆ ತಂದು ಲಿವರ್ ಹಿಡಿದುಕೊಳ್ಳಿ. ಇನ್ನೊಬ್ಬರು ಗೇಜ್ ನೋಡುತ್ತಾ ಸ್ಕ್ರೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಲಿ. 90 ಬಂದ ಕೂಡಲೇ ಚೆಕ್ ನಟ್ ಬಿಗಿದು ಲಿವರ್ ಬಿಡಿ. ಒಂದೊಂದು ಸಲ ಕೆಲವೇ ಸೆಕೆಂಡು ಹಿಡಿಯಿರಿ, ಜಾಸ್ತಿ ಹೊತ್ತು ಹಿಡಿದರೆ ಆಯಿಲ್ ಕಾಯುತ್ತದೆ.

ಹಿಂದಿನ ಭಾರ ಮರೆಯಬೇಡಿ. ಹಿಂದಿನ ಟೈರುಗಳಿಗೆ ಮುಕ್ಕಾಲು ಭಾಗ ನೀರು ತುಂಬಿಸಿದರೆ ಒಂದೊಂದಕ್ಕೆ ನೂರು ಲೀಟರಿಗೂ ಜಾಸ್ತಿ ಹಿಡಿಯುತ್ತದೆ. ಅದರ ಜೊತೆ ಹಿಂದೆ ನೇಗಿಲು ಸಿಕ್ಕಿಸುವ ತ್ರೀ ಪಾಯಿಂಟಿಗೆ 300 ಕೆಜಿ ಕಾಂಕ್ರೀಟ್ ಡಬ್ಬ ತೂಗು ಹಾಕಿ. ಹಿಂದೆ ತೂಗುವ ಭಾರ ಮುಂದಿನ ಆಕ್ಸೆಲ್ ಮೇಲಿನ ಹೊರೆಯನ್ನೂ ಇಳಿಸುತ್ತದೆ. ಟೈರಿನ ನೀರು ಹಾಗೆ ಮಾಡುವುದಿಲ್ಲ, ಚಕ್ರವನ್ನು ನೆಲಕ್ಕೆ ಹಿಡಿಯುತ್ತದೆ ಅಷ್ಟೇ. ಬಕೆಟ್ ತುಂಬಿಕೊಂಡು ಓಡಾಡುವಾಗ ಬಕೆಟ್ ಮೊಣಕಾಲಿನ ಎತ್ತರದಲ್ಲಿರಲಿ. ಪವರ್ ಸ್ಟಿಯರಿಂಗ್ ಇಲ್ಲದ ಗಾಡಿ, ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಬೇಡಿ. ಸ್ವಲ್ಪ ಚಲಿಸುತ್ತಾ ತಿರುಗಿಸಿ, ಇಲ್ಲದಿದ್ದರೆ ಸ್ಟಿಯರಿಂಗ್ ಬಾಕ್ಸ್ ಉಳಿಯುವುದಿಲ್ಲ.

ಹಳೇ ಪಂಪನ್ನೇ ಕೊಳ್ಳುವುದಾದರೆ ಮೇಲೆ ಅಂಕಿ ಬರೆದಿರುವ ಪ್ಲೇಟ್ ನೋಡಿ. ಪ್ಲೇಟ್ ಅಳಿಸಿದ್ದರೆ ಸಕ್ಷನ್ನಿಗೆ ಆಯಿಲ್ ಕೊಟ್ಟು ಕೈಯಿಂದ ಹತ್ತು ಸುತ್ತು ತಿರುಗಿಸಿ, ಬಂದ ಆಯಿಲನ್ನು ಅಳತೆ ಜಾಡಿಯಲ್ಲಿ ಹಿಡಿದು ಹತ್ತರಿಂದ ಭಾಗಿಸಿ. ಪಕ್ಕಾ ಅಂಕಿ ಬರದಿದ್ದರೂ 20ರದೋ 45ರದೋ ಅಂತ ಗೊತ್ತಾಗುತ್ತದೆ. ಕೂರಿಸಿದ ಮೇಲೆ ಬೆಳಿಗ್ಗೆ ತಣ್ಣಗಿರುವಾಗ ಒಂದು ಸಲ, ಒಂದು ಗಂಟೆ ಕೆಲಸ ಮಾಡಿ ಆಯಿಲ್ ಬಿಸಿಯಾದ ಮೇಲೆ ಒಂದು ಸಲ, ಒಂದೇ ಭಾರ, ಒಂದೇ ಆರ್‌ಪಿಎಂನಲ್ಲಿ ಎತ್ತುವ ಸಮಯ ನೋಡಿ. ತಣ್ಣಗೆ 7 ಸೆಕೆಂಡು, ಬಿಸಿಯಲ್ಲಿ 8 ಆದರೆ ಪಂಪ್ ಚೆನ್ನಾಗಿದೆ. ಬಿಸಿಯಲ್ಲಿ 12 ಆದರೆ ಒಳಗೆ ಸವೆದಿದೆ, ವಾಪಸ್ ಕೊಡಿ. ಈ ಮಾತನ್ನು ಕೊಳ್ಳುವಾಗಲೇ ಆಡಿಕೊಳ್ಳಿ.

ಕೊನೆಗೆ, ಹೋಸಿನಲ್ಲಿ ಆಯಿಲ್ ಸೋರುವುದು ಕಂಡರೆ ಕೈಯಿಂದ ತಡವಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ನೋವು ಮೊದಲು ಕಾಣಿಸುವುದಿಲ್ಲ, ಸಣ್ಣ ಚುಕ್ಕೆ ಮಾತ್ರ. ಸುಮ್ಮನಿದ್ದರೆ ಬೆರಳೇ ತೆಗೆಯಬೇಕಾಗಬಹುದು. ರಟ್ಟಿನ ತುಂಡು ಹಿಡಿದು ಸೋರಿಕೆ ಹುಡುಕಿ. ಚುಚ್ಚಿಕೊಂಡರೆ ಅದೇ ಗಳಿಗೆಯಲ್ಲಿ ಆಪರೇಶನ್ ಮಾಡುವ ಆಸ್ಪತ್ರೆಗೆ ಹೋಗಿ, ಆಯಿಲ್ ಒಳಗೆ ಹೋಗಿದೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ.

ಪ್ರಶ್ನೆ: ಕ್ರ್ಯಾಂಕ್ ಪುಲ್ಲಿಗೆ ಕೈ ಹಾಕಲು ಧೈರ್ಯ ಇಲ್ಲ. ಹಿಂದಿನ ಪಿಟಿಒಗೆ ಸಿಕ್ಕಿಸುವ ಪಂಪ್ ಸಿಗುತ್ತದಂತೆ. ಲೋಡರಿಗೆ ಅದು ಆಗುತ್ತದಾ?
- ಓದುಗರು, ಮಂಡ್ಯ

ಉತ್ತರ: ಆಗುತ್ತದೆ, ನಿಮ್ಮ ಗಾಡಿಯಲ್ಲಿ ಡ್ಯುಯಲ್ ಕ್ಲಚ್ ಇದ್ದರೆ. ಅದರಲ್ಲಿ ಪೆಡಲ್ ಅರ್ಧ ಒತ್ತಿದರೆ ಗಾಡಿ ಮಾತ್ರ ನಿಲ್ಲುತ್ತದೆ, ಪಿಟಿಒ ತಿರುಗುತ್ತಿರುತ್ತದೆ. ಸಿಂಗಲ್ ಕ್ಲಚ್ ಆದರೆ ಮೇಲೆ ಹೇಳಿದ ತೊಂದರೆಯೇ. ಗಾತ್ರದ ಲೆಕ್ಕ ಬೇರೆ. ಪಿಟಿಒ 540 ಸುತ್ತು ಮಾತ್ರ. ಹಾವೇರಿಯವರಿಗೆ ಬೇಕಾದ 27 ಲೀಟರನ್ನೇ ಅಲ್ಲಿಂದ ತೆಗೆಯಬೇಕಾದರೆ ಸುಮಾರು 54 ಸಿಸಿ ಪಂಪ್ ಬೇಕು. ಇಲ್ಲವೇ ಒಂದಕ್ಕೆ ಮೂರು ಸುತ್ತುವ ಗೇರ್‌ಬಾಕ್ಸ್ ಇರುವ ಪಂಪ್ ತನ್ನಿ, ಆಗ 19–20 ಸಿಸಿ ಸಾಕು. ಪಂಪ್ ತಿರುಗಿ ಹೋಗದ ಹಾಗೆ ಹಿಡಿಯುವ ಪಟ್ಟಿ ಅಥವಾ ಚೈನ್ ಹಾಕದೆ ಪಿಟಿಒ ಎಳೆಯಲೇ ಬೇಡಿ. ಹಿಂದಿನಿಂದ ಮುಂದಕ್ಕೆ ಹೋಗುವ ಹೋಸುಗಳನ್ನು ಸೈಲೆನ್ಸರಿನಿಂದ ದೂರ ಕಟ್ಟಿ.

ಪ್ರಶ್ನೆ: ನಮ್ಮ ತೋಟದ ಟ್ರ್ಯಾಕ್ಟರ್ ಲೋಡರನ್ನು ಸಂಜೆ ಎತ್ತಿ ನಿಲ್ಲಿಸಿದರೆ ಬೆಳಿಗ್ಗೆ ನೆಲದ ಮೇಲಿರುತ್ತದೆ. ಪಂಪ್ ವೀಕಾಗಿದೆ ಅಂತ ಒಬ್ಬರು, ಸಿಲಿಂಡರ್ ಸೀಲ್ ಹೋಗಿದೆ ಅಂತ ಇನ್ನೊಬ್ಬರು. ಸೀಲ್ ಕಿಟ್ ಹಾಕಿಸಿದೆವು. ಏನೂ ವ್ಯತ್ಯಾಸ ಇಲ್ಲ.
- ಓದುಗರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಮೇಡಂ, ಇಂಜಿನ್ ನಿಂತ ಮೇಲೆ ಪಂಪಿಗೆ ಇದರಲ್ಲಿ ಪಾತ್ರವೇ ಇಲ್ಲ. ಅದನ್ನು ಬಿಟ್ಟುಬಿಡಿ. ಸೀಲ್ ಹಾಕಿಸಿದರೂ ಸರಿಹೋಗಲಿಲ್ಲ ಅಂದಿರಲ್ಲ, ಅದಕ್ಕೆ ಕಾರಣ ಇದೆ. ಎತ್ತುವ ಸಿಲಿಂಡರಿನ ಎರಡೂ ಕಡೆಯ ಪೈಪುಗಳನ್ನು ಪೂರ್ತಿ ಮುಚ್ಚಿದ್ದೀವಿ ಅಂದುಕೊಳ್ಳಿ. ಪಿಸ್ಟನ್ ಸೀಲ್ ಸೋರಿದರೆ ಆಯಿಲ್ ಕೆಳಗಿನಿಂದ ಮೇಲಿನ ಕಡೆಗೆ ಹೋಗಬಹುದು. ಆದರೆ ತೋಳು ಇಳಿಯಬೇಕಾದರೆ ರಾಡ್ ಸಿಲಿಂಡರಿನೊಳಗೆ ಬರಬೇಕು. ರಾಡಿಗೆ ಜಾಗ ಬೇಕಲ್ವಾ? ಒಳಗೆಲ್ಲ ಆಯಿಲ್ ತುಂಬಿದೆ, ಜಾಗ ಇಲ್ಲ. ಆಯಿಲ್ ಸಿಲಿಂಡರಿನಿಂದ ಹೊರಗೆ ಹೋದರೆ ಮಾತ್ರ ತೋಳು ಇಳಿಯುತ್ತದೆ. ನೆಲದ ಮೇಲೆ, ಹೋಸ್ ಜಾಯಿಂಟಿನಲ್ಲಿ ಎಲ್ಲೂ ಆಯಿಲ್ ಕಾಣದಿದ್ದರೆ ಅದು ಹೋಗುತ್ತಿರುವುದು ಕಂಟ್ರೋಲ್ ವಾಲ್ವಿನೊಳಗೆ ಲಿವರ್ ಜೊತೆ ಸರಿಯುವ ಸ್ಪೂಲ್ ಅನ್ನುವ ಕಂಬಿಯ ಪಕ್ಕದಿಂದ ಟ್ಯಾಂಕಿಗೆ.

ಸ್ಪೂಲ್ ವಾಲ್ವಿನಲ್ಲಿ ಸ್ವಲ್ಪ ಸೋರಿಕೆ ಹೊಸದರಲ್ಲೂ ಇರುತ್ತದೆ, ಯಾಕೆಂದರೆ ಅಲ್ಲಿ ರಬ್ಬರ್ ಸೀಲ್ ಇಲ್ಲ, ಕಬ್ಬಿಣಕ್ಕೆ ಕಬ್ಬಿಣ. ರಾತ್ರಿ ಕಳೆದು ಇಳಿದರೆ ಅದು ದೊಡ್ಡ ರೋಗ ಅಲ್ಲ. ಕೆಲಸದ ನಡುವೆ ಹತ್ತು ನಿಮಿಷದಲ್ಲೇ ಒಂದು ಅಡಿ ಇಳಿಯುತ್ತಿದ್ದರೆ ಸ್ಪೂಲ್ ಗೀರಿದೆ, ವಾಲ್ವ್ ಬದಲಾಯಿಸಿ. ಭಾರ ಮೇಲೆ ಹಿಡಿದು ನಿಲ್ಲಿಸುವ ಕೆಲಸವೇ ಇದ್ದರೆ ಎತ್ತುವ ಸಿಲಿಂಡರಿಗೆ ಪೈಲಟ್ ಚೆಕ್ ವಾಲ್ವ್ ಹಾಕಿಸಿ, ಅದು ಲಿವರ್ ಒತ್ತುವತನಕ ಆಯಿಲನ್ನು ಸಿಲಿಂಡರಿನಿಂದ ಹೊರಗೆ ಬಿಡುವುದಿಲ್ಲ. ಅದನ್ನು ಸಿಲಿಂಡರ್ ಬುಡಕ್ಕೇ ಕೂರಿಸಬೇಕು, ಹೋಸಿನ ಆಚೆ ತುದಿಯಲ್ಲಿ ಅಲ್ಲ. ಬುಡದಲ್ಲಿದ್ದರೆ ಹೋಸ್ ಒಡೆದರೂ ತೋಳು ನಿಲ್ಲುತ್ತದೆ.

ಆದರೆ ಸಂಜೆ ತೋಳನ್ನು ಎತ್ತಿ ನಿಲ್ಲಿಸುವುದು ಯಾಕೆ? ಬಕೆಟ್ಟನ್ನು ನೆಲಕ್ಕೆ ಇಳಿಸಿ, ಇಂಜಿನ್ ಆರಿಸಿ, ಲಿವರುಗಳನ್ನು ಒಂದೆರಡು ಸಲ ಆಚೆ ಈಚೆ ಆಡಿಸಿ ಪ್ರೆಶರ್ ಬಿಟ್ಟು ಹೋಗಿ. ತೋಟದ ಮನೆಯಲ್ಲಿ ಮಕ್ಕಳು ಓಡಾಡುತ್ತಾರೆ, ನಾಯಿ ಹೋಗಿ ಬಕೆಟ್ ಕೆಳಗೆ ಮಲಗುತ್ತದೆ. ರಿಪೇರಿಗಾಗಿ ಎತ್ತಿ ಇಡಲೇಬೇಕಾದರೆ ಸಿಲಿಂಡರ್ ರಾಡಿನ ಮೇಲೆ ಕೂರುವ ಹಾಗೆ ಒಂದು ಆಂಗಲ್ ಕಬ್ಬಿಣದ ಆಸರೆ ಕತ್ತರಿಸಿ ಮಾಡಿಸಿಟ್ಟುಕೊಳ್ಳಿ. ಅದಕ್ಕೆ ಕೆಂಪು ಬಣ್ಣ ಬಳಿದು ಲೋಡರ್ ಫ್ರೇಮಿಗೇ ಸಿಕ್ಕಿಸಿಡಿ, ಬೇಕಾದಾಗ ಹುಡುಕುವಂತಾಗಬಾರದು.